ಗಿಡ ಬದುಕದ ಜಾಗ

ಹೋದ ತಿಂಗಳು ಸೊಲ್ಲಾಪುರದಿಂದ ಬರುವಾಗ ನಮ್ಮ ರೈಲು ವಾಡಿ ಜಂಕ್ಷನ್ನಿನ ಹೊರಗೆ ಸಿಗ್ನಲ್ಲಿಗೆ ಕಾಯುತ್ತ ನಿಂತಿತು. ಕಿಟಕಿಯಾಚೆ ಒಂದು ಬೇವಿನ ಮರವಿತ್ತು. ಬೇವು ಎಂದು ಎಲೆಯ ಆಕಾರ ನೋಡಿ ಹೇಳಬೇಕೇ ಹೊರತು ಬಣ್ಣ ನೋಡಿ ಅಲ್ಲ, ಬುಡದಿಂದ ತುದಿಯವರೆಗೂ ಬೂದು ಧೂಳು ಕೂತಿತ್ತು. ಎದುರು ಸೀಟಿನ ಹೆಂಗಸು, "ಈ ಮರಕ್ಕೆ ಏನು ರೋಗವೋ ಪಾಪ" ಎಂದರು. ರೋಗವಲ್ಲ, ಸಿಮೆಂಟಿನ ಸೀಮೆ, ಮಳೆ ಬಂದರೆ ತೊಳೆದುಹೋಗುತ್ತದೆ ಎಂದೆ. ನಾನು ಹೇಳಿದ್ದಕ್ಕೇ ಎಂಬಂತೆ ನಾಲ್ಕು ಹನಿ ಬಿತ್ತು. ಕಾದ ಫರಸಿ ಕಲ್ಲಿನ ಮೇಲೆ ಹನಿ ಬಿದ್ದಾಗ ಏಳುವ ಸುಣ್ಣದ ವಾಸನೆ ಕಿಟಕಿಯೊಳಗೆ ನುಗ್ಗಿತು. ಆ ವಾಸನೆಗೆ ಶಾಂತಕ್ಕನ ನೆನಪಾಯಿತು, ಸೇಡಂನಲ್ಲಿ ಕಳೆದ ಆ ಒಂದು ವರ್ಷ ನೆನಪಾಯಿತು. ಆ ವರ್ಷವನ್ನು ನಾನು ಇಷ್ಟಪಟ್ಟು ನೆನೆಯುವುದಿಲ್ಲ. ಅದೇ ಬಂದು ಪಕ್ಕದಲ್ಲಿ ಕೂರುತ್ತದೆ.

ನಾನು ಅಂಚೆ ಇಲಾಖೆಯವಳು. ಚಿತ್ರದುರ್ಗದಿಂದ ಸೇಡಂಗೆ ವರ್ಗವಾದಾಗ, ಬಿಸಿಲು ನನಗೇನು ಹೊಸದೇ ಎಂಬ ಜಂಬವಿತ್ತು. ಏಪ್ರಿಲ್ ಮುಗಿಯುವಷ್ಟರಲ್ಲಿ ಆ ಜಂಬ ಬೆವರಿನ ಜೊತೆ ಹರಿದುಹೋಯಿತು. ಬಾಡಿಗೆ ಕೋಣೆಯ ಮಾಳಿಗೆಗೆ ಫರಸಿ ಹೊದಿಸಿದ್ದರು, ಹಗಲೆಲ್ಲ ಕಾದು ಸಂಜೆ ನನ್ನ ತಲೆಯ ಮೇಲೆ ಸೇಡು ತೀರಿಸಿಕೊಳ್ಳುತ್ತಿತ್ತು. ಗೋಡೆಯಾಚೆ ಮನೆ ಮಾಲೀಕರ ಟಿ.ವಿ. ಭಾನುವಾರ ಬಂತೆಂದರೆ ಬೆಳಿಗ್ಗೆಯಿಂದಲೇ ಅಬ್ಬರ. ಕೆಲಸದ ದಿನವೇ ವಾಸಿ ಅನ್ನಿಸುವ ಗತಿ ನನಗೆ ಬಂದಿತ್ತು.

ಈ ಸಂಕಟ ಗುರುಲಿಂಗಪ್ಪ ಸರ್ ಕಿವಿಗೆ ಬಿತ್ತು. ನಿವೃತ್ತ ಹೆಡ್‌ಮಾಸ್ತರರು, ದಿನವೂ ಅಂಚೆ ಕಚೇರಿಗೆ ಬಂದು ಫ್ಯಾನಿನ ಕೆಳಗೆ ಪೇಪರ್ ಓದುವವರು. "ಐತಾರ ಖಾಲಿ ಕುಂತು ಏನ್ ಮಾಡ್ತೀರಿ ಮೇಡಂ? ಗಾರ್ಡನಿಗೆ ಬರ್ರಿ. ನಮ್ಮ ಬಳಗದಾಗ ಹೆಣ್ಮಕ್ಕಳು ಕಮ್ಮಿ ಅದಾರ" ಎಂದರು. ಗಾರ್ಡನ್ ಎಂದರೆ ಊರು ಮುಗಿಯುವಲ್ಲಿ, ಕುರಕುಂಟಾ ದಾರಿಯಲ್ಲಿ ಸರ್ಕಾರ ಹೊಸದಾಗಿ ಮಾಡಿದ್ದ ಸಸ್ಯೋದ್ಯಾನ. ಅರ್ಧ ಭಾಗ ಹಳೆಯ ಕಲ್ಲಿನ ಖಣಿಯನ್ನು ಮುಚ್ಚಿದ್ದು, ಇನ್ನರ್ಧ ರೈತರಿಂದ ತೆಗೆದುಕೊಂಡ ಹೊಲ. ಪ್ರತಿ ಗಿಡದ ಬುಡದಲ್ಲಿ ಹೆಸರಿನ ಫಲಕ. ಗಿಡಕ್ಕಿಂತ ಫಲಕವೇ ಎತ್ತರವಾಗಿದ್ದ ಕಾಲ ಅದು.

ನಮ್ಮ ಸೇವೆಯೆಂದರೆ ಮುಖ್ಯವಾಗಿ ಎರಡು ಕೆಲಸ. ಒಂದು, ಎಲೆ ತೊಳೆಯುವುದು. ಬೆನ್ನಿಗೆ ಔಷಧಿ ಹೊಡೆಯುವ ಪಂಪು ಕಟ್ಟಿಕೊಂಡು, ಔಷಧಿಯ ಬದಲು ಬರೀ ನೀರು ತುಂಬಿಕೊಂಡು, ಸಿಮೆಂಟಿನ ಧೂಳು ಕೂತ ಎಲೆಗಳಿಗೆ ಸ್ನಾನ ಮಾಡಿಸುವುದು. ಬೇರೆ ಊರಿನವರಿಗೆ ಹೇಳಿದರೆ ನಗುತ್ತಾರೆ. ಇನ್ನೊಂದು, ಬಳ್ಳಾರಿ ಜಾಲಿ ಕೀಳುವುದು. ಈ ಜಾಲಿಗೆ ನೀರು ಬೇಡ, ನೆರಳು ಬೇಡ, ಮರ್ಯಾದೆಯೂ ಬೇಡ. ಹೋದ ವಾರ ಕಿತ್ತಲ್ಲಿ ಈ ವಾರ ಮತ್ತೆ ಚಿಗುರಿರುತ್ತಿತ್ತು. ಗುರುಲಿಂಗಪ್ಪ ಸರ್‌ಗೆ ಜಾಲಿಯ ಮೇಲೆ ಇದ್ದಷ್ಟು ಸಿಟ್ಟು ಅವರ ಶಾಲೆಯ ಯಾವ ತುಂಟನ ಮೇಲೂ ಇದ್ದಿರಲಾರದು.

ನಾವೆಲ್ಲ ಭಾನುವಾರದ ಭಕ್ತರು. ಶಾಂತಕ್ಕ ಮಾತ್ರ ದಿನವೂ ಬರುತ್ತಿದ್ದರು. ಐವತ್ತರ ಆಸುಪಾಸಿನ ಹೆಂಗಸು, ತೆಳ್ಳಗೆ, ಹಣೆಯ ಮೇಲೆ ವಿಭೂತಿ, ಮಾತು ಕಮ್ಮಿ. ಗೇಟು ತೆರೆಯುತ್ತಲೇ ಬಂದು ಮೂಡಣ ಮೂಲೆಯ ಒಂದು ಮಡಿಗೆ ನೀರು ಹಾಕಿ, ಆಮೇಲೆ ಉಳಿದವರು ಹೇಳಿದ ಕೆಲಸ ಮಾಡುತ್ತಿದ್ದರು. ಆ ಮಡಿಯಲ್ಲಿ ಮಾತ್ರ ಏನೂ ಬದುಕುತ್ತಿರಲಿಲ್ಲ. ಹೊಂಗೆ ಹಾಕಿದರು, ಎಲೆಯ ಅಂಚು ಸುಟ್ಟಂತಾಗಿ ಸತ್ತಿತು. ಹುಣಸೆ ಹಾಕಿದರು, ಅದೂ ಹಾಗೆಯೇ ಹೋಯಿತು. ಬೇವು ಕೂಡ ಕೈಕೊಟ್ಟಿತು. ಬೇವು ಸಾಯುವ ನೆಲವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಬಿಸಿಲೇರಿದರೆ ಅಲ್ಲಿ ನೆಲದ ಮೇಲೆ ಬಿಳಿಯ ಪೊರೆ ಏಳುತ್ತಿತ್ತು. ಆದರೆ ಅದು ಸುಣ್ಣದ ಕಲ್ಲಿನ ಸೀಮೆ. ಅಲ್ಲಿ ನೆಲ ಬೆಳ್ಳಗೆ ಕಂಡರೆ ಯಾರೂ ಎರಡನೆಯ ಸಲ ನೋಡುವುದಿಲ್ಲ.

ಆಷಾಢ ಬಂದರೂ ಮಳೆಯ ಸುಳಿವಿರಲಿಲ್ಲ. ಒಂದು ಬೆಳಿಗ್ಗೆ ಕಚೇರಿಗೆ ರಜೆಯಿದ್ದುದರಿಂದ ಬೇಗ ಹೋದೆ. ಶಾಂತಕ್ಕ ಆ ಮಡಿಯ ಪಕ್ಕ ಕೂತು, ಒಣಗಿದ ಬೇವಿನ ಸಸಿಯನ್ನು ಕೈಯಲ್ಲಿ ಹಿಡಿದು, ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಗಿಡಕ್ಕೆ ಯಾರಾದರೂ ಇಷ್ಟು ಅಳುತ್ತಾರೆಯೇ ಎಂದು ನನಗೆ ಅನುಮಾನ ಬಂತು. ಪಕ್ಕದಲ್ಲಿ ಕೂತೆ. ಏನಾಯಿತೆಂದು ಕೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ಇಲ್ಲಿ ನನ್ನ ಮಗಳು ಕುಂತಾಳ್ರಿ ಮೇಡಂ" ಎಂದರು.

ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕುಣಿಯಲ್ಲಿ ಕೂರಿಸುತ್ತಾರೆ. ಅಂಗೈಯಲ್ಲಿ ಲಿಂಗವಿಟ್ಟು, ಸುತ್ತ ವಿಭೂತಿಯ ಉಂಡೆ, ಪತ್ರಿ, ಉಪ್ಪು ತುಂಬಿ ಮುಚ್ಚುತ್ತಾರೆ. ಮಗಳ ಹೆಸರು ಸವಿತಾ. ಬಿ.ಎ. ಓದುತ್ತಿದ್ದಳಂತೆ. ಜ್ವರ ಬಂದು, ಕಲಬುರಗಿಯ ದವಾಖಾನೆಗೆ ಒಯ್ಯುವ ದಾರಿಯಲ್ಲೇ ಹೋದಳು. ಆಗ ಈ ಜಾಗ ಅವರ ಮನೆತನದ ಹೊಲ, ಮಣ್ಣು ಮಾಡಲು ಬಂದವರೂ ಮನೆಯವರಷ್ಟೇ. ಅಪ್ಪನಿಗೆ ಮಗಳ ಮೇಲೆ ಜೀವ. ಮೈ ಕೆಡಬಾರದೆಂದು ಚೀಲಗಟ್ಟಲೆ ಉಪ್ಪು ತರಿಸಿ ಸುರಿಸಿದನಂತೆ. ಮೇಲೊಂದು ಸಣ್ಣ ಕಟ್ಟೆಯನ್ನೂ ಕಟ್ಟಿಸಿದ್ದ. ಕೆಲವು ವರ್ಷದ ಮೇಲೆ ಗಾರ್ಡನಿಗೆಂದು ಜಮೀನು ಕೇಳಿದಾಗ ಗಂಡನ ಅಣ್ಣ ಬಂಡೆಪ್ಪನೇ ಎಲ್ಲ ಮಾತುಕತೆ ನಡೆಸಿದ. ಗೋರಿಯಿದೆ ಎಂದರೆ ತಕರಾರಾಗುತ್ತದೆಂದು, ಅಧಿಕಾರಿಗಳು ಬರುವ ಮುಂಚೆ ಟ್ರ್ಯಾಕ್ಟರ್ ತಂದು ಕಟ್ಟೆಯನ್ನು ನೆಲಸಮ ಮಾಡಿಸಿದ. ಶಾಂತಕ್ಕನ ಗಂಡ ಅಣ್ಣನ ಎದುರು ತುಟಿ ಬಿಚ್ಚುವವನಲ್ಲ. ಆವತ್ತಿನಿಂದ ಅವನು ಈ ಕಡೆ ತಲೆ ಹಾಕಿಲ್ಲ. ಶಾಂತಕ್ಕ ಮಾತ್ರ ಗಾರ್ಡನ್ ತೆರೆದ ವಾರವೇ ಬಂದು ಸೇವೆಗೆ ಹೆಸರು ಕೊಟ್ಟರು.

"ಅಧಿಕಾರಿಗಳಿಗೆ ಹೇಳಿಬಿಡಿ ಶಾಂತಕ್ಕ. ಅವರೂ ಮನುಷ್ಯರೇ" ಎಂದೆ.

"ಬ್ಯಾಡ್ರಿ ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ. ಹೇಳಿದ್ರ ತೆಗದು ಬ್ಯಾರೆ ಕಡಿ ಇಡ್ತೀವಿ ಅಂತಾರ. ರೋಡ್ ಅಗಲ ಮಾಡುವಾಗ ನಮ್ಮ ಸೋದರತ್ತಿ ಗದ್ದುಗಿ ತೆಗದ್ರು. ಎಲುಬು ಗೊಬ್ಬರದ ಚೀಲದಾಗ ತುಂಬಿ ಒಯ್ದ್ರು. ನಾ ಕಣ್ಣಾರೆ ನೋಡೀನಿ. ನನ್ನ ಸವಿತಾನ ಹಂಗ ಒಯ್ಯೋದು ಬ್ಯಾಡ. ಇಲ್ಲಿ ಒಂದು ಗಿಡ ಹಸರಾಗಿ ನಿಂತ್ರ ಸಾಕು. ಗಿಡ ಇದ್ದಲ್ಲಿ ಯಾರೂ ಅಗೆಯಲ್ಲ."

ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಹೀಗೆ ಆ ವರ್ಷ ನನ್ನ ಕೆಲಸ ಬದಲಾಯಿತು. ಎಲೆ ತೊಳೆಯುವುದೆಲ್ಲ ಹೆಸರಿಗೆ ಮಾತ್ರ. ಆ ಮಡಿಯಲ್ಲಿ ಒಂದು ಗಿಡ ಬದುಕಬೇಕು, ಅಷ್ಟೇ. ಅಪ್ಪ ಪ್ರೀತಿಯಿಂದ ಸುರಿದ ಉಪ್ಪೇ ಸಸಿಗಳನ್ನು ಕೊಲ್ಲುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು, ಅವರಿಗೂ ಅನ್ನಿಸಿದ್ದಿರಬೇಕು. ಆದರೆ ನಾವಿಬ್ಬರೂ ಆ ಮಾತನ್ನು ಬಾಯಿಬಿಟ್ಟು ಆಡಲಿಲ್ಲ. ಹೊಸ ಮಣ್ಣು ತಂದು ಮೇಲೆ ಹರಡಿದೆವು, ಕೊಟ್ಟಿಗೆ ಗೊಬ್ಬರ ಹಾಕಿದೆವು. ಸೀತಾಫಲ ಹಾಕಿದೆವು. ಅದೂ ಒಣಗಿತು. ಗಾರ್ಡನ್ನಿನ ಸೂಪರ್‌ವೈಸರ್ ಪ್ರಕಾಶ ಕೆಟ್ಟವನಲ್ಲ, ಆದರೆ ನಾಲಿಗೆಗೆ ಲಗಾಮಿಲ್ಲ. ಸತ್ತ ಸೀತಾಫಲವನ್ನು ನೋಡಿ, "ಇನ್ನೂ ಎಷ್ಟು ಗಿಡ ಸಾಯಿಸ್ತಿ ಅಕ್ಕಾ? ನಿನ್ನ ಕೈಗುಣಾನೇ ಸರಿ ಇಲ್ಲ ನೋಡು" ಎಂದ. ಶಾಂತಕ್ಕ ಬಗ್ಗಿ ಮಣ್ಣು ಸರಿಮಾಡುತ್ತಲೇ ಇದ್ದರು. ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು ನನಗೆ.

ಶ್ರಾವಣದಲ್ಲಿ ಕೊನೆಗೂ ಮಳೆ ಹಿಡಿಯಿತು. ಕಾಗಿಣಾ ಹೊಳೆ ಕೆಂಪಾಗಿ ಹರಿಯಿತು, ಗಾರ್ಡನ್ನಿನ ಗಿಡಗಳೆಲ್ಲ ತೊಳೆದು ನಿಂತವು. ಒಂದು ಸೋಮವಾರ ಶಾಂತಕ್ಕ ಅಂಚೆ ಕಚೇರಿಗೇ ಬಂದರು. ಕೌಂಟರಿನ ಕಿಂಡಿಯಲ್ಲಿ ಮುಖವಿಟ್ಟು, "ಜಾಲಿ ಬಂದಾದ್ರಿ ಮೇಡಂ, ಜಾಲಿ!" ಎಂದು ಪಿಸುಗುಟ್ಟಿದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಧ್ಯಾಹ್ನ ಹೋಗಿ ನೋಡಿದೆ. ಆ ಮಡಿಯ ನಟ್ಟನಡುವೆ ಗೇಣುದ್ದದ ಬಳ್ಳಾರಿ ಜಾಲಿ, ಪುಟ್ಟ ಮುಳ್ಳು ಬಿಟ್ಟುಕೊಂಡು ಗಟ್ಟಿಯಾಗಿ ನಿಂತಿತ್ತು. ಉಪ್ಪಿಗೂ ಜಗ್ಗದ ಗಿಡ. ಊರೆಲ್ಲ ಶಪಿಸುವ ಜಾಲಿಗೆ ನಾವಿಬ್ಬರು ಹೆಂಗಸರು ಬೇಲಿ ಕಟ್ಟಿದೆವು. ಯಾರಿಗೂ ಕಾಣದಿರಲೆಂದು ಸುತ್ತ ಒಣ ಕಡ್ಡಿ ಚುಚ್ಚಿ, ಪಕ್ಕದ ಗಿಡದ ಫಲಕವನ್ನು ಅದರ ಮುಂದೆ ಸರಿಸಿ ಇಟ್ಟೆವು. ಅದು ಮಳೆಗೆ ದಿನದಿನಕ್ಕೂ ಬೆಳೆಯಿತು. ಮೊಣಕಾಲೆತ್ತರ ಬಂತು.

ಆಮೇಲೆ ಕಲಬುರಗಿಯಿಂದ ಮೇಲಿನ ಅಧಿಕಾರಿಗಳು ಬರುತ್ತಾರೆಂಬ ಸುದ್ದಿ ಬಂತು. ಗುರುಲಿಂಗಪ್ಪ ಸರ್ ಬಳಗವನ್ನೆಲ್ಲ ಸೇರಿಸಿ, ಗಾರ್ಡನ್ನಿನಲ್ಲಿ ಒಂದೇ ಒಂದು ಜಾಲಿ ಉಳಿಯಕೂಡದೆಂದು ಅಪ್ಪಣೆ ಮಾಡಿದರು. ಆ ಭಾನುವಾರ ಶಾಂತಕ್ಕ ತವರೂರು ಕೊಡ್ಲಿಗೆ ಹೋಗಿದ್ದರು, ತಮ್ಮನ ಮನೆಯಲ್ಲಿ ತೊಟ್ಟಿಲ ಕಾರ್ಯ. ನಾನೊಬ್ಬಳೇ ಆ ಮಡಿಯ ಮುಂದೆ ನಿಂತೆ. ಸರ್ ಗುದ್ದಲಿ ಹಿಡಿದು ಬಂದರು. ಇದೊಂದನ್ನು ಬಿಟ್ಟುಬಿಡಿ ಸರ್ ಎಂದೆ. "ಯಾಕ?" ಎಂದರು. ಕಾರಣ ಹೇಳುವ ಹಾಗಿರಲಿಲ್ಲ. ನೆರಳಾಗುತ್ತದೆ ಎಂದೆ, ಹೂವು ಚೆನ್ನಾಗಿರುತ್ತದೆ ಎಂದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. "ಮೇಡಂಗ ಜಾಲಿ ಮ್ಯಾಲ ಭಾಳ ಪ್ರೀತಿ ಬಂದಾದ ನೋಡ್ರಿ!" ಎಂದು ಎಲ್ಲರೂ ನಕ್ಕರು. ಕೈ ಅಡ್ಡ ಹಿಡಿದೆ. ಸರ್ ನನ್ನನ್ನು ಮಗುವಿನಂತೆ ಪಕ್ಕಕ್ಕೆ ಸರಿಸಿ, ಬೇರುಸಹಿತ ಕಿತ್ತು, ಮೇಲೆತ್ತಿ ಹಿಡಿದು ಫೋಟೋ ತೆಗೆಸಿಕೊಂಡರು.

ಬಂದ ಅಧಿಕಾರಿಗಳ ಕಣ್ಣಿಗೆ ಬೋಳು ಮಡಿ ಬಿತ್ತು. ಇಲ್ಲಿ ಏನು ಹಚ್ಚಿದರೂ ಒಣಗುತ್ತದೆಂದು ಪ್ರಕಾಶ ವಿವರಿಸಿದ. ಹಾಗಾದರೆ ತಾವರೆ ಹೊಂಡ ಮಾಡಿ ಎಂದು ಅವರು ಹೇಳಿ ಕಾರು ಹತ್ತಿದರು. ಮಾತು ಮುಗಿಯಿತು. ಕೊಡ್ಲಿಯಿಂದ ಬಂದ ಶಾಂತಕ್ಕನಿಗೆ ಇದನ್ನು ಹೇಳುವ ಪಾಪ ನನ್ನ ಪಾಲಿಗೆ ಬಂತು. ಅವರು ಪ್ರಕಾಶನ ಹತ್ತಿರ ಹೋಗಿ ಕೈ ಮುಗಿದರು. "ಇನ್ನೊಂದು ಗಿಡ ಹಚ್ಚಿ ನೋಡ್ತೀನ್ರೀ ಸಾಹೇಬ್ರ. ಈ ಸಲ ಬರೋಬ್ಬರಿ ಹತ್ತತದ." ಅವನು, "ಆರ್ಡರ್ ಆಗ್ಯಾದ ಅಕ್ಕಾ, ನನ್ನ ಕೈಯಾಗ ಏನೂ ಇಲ್ಲ" ಎಂದ. ಅದು ಸುಳ್ಳೂ ಅಲ್ಲ.

ಜೆಸಿಬಿ ಬಂದ ದಿನ ನಾನು ರಜೆ ಹಾಕಿ ಹೋದೆ. ಗುರುಲಿಂಗಪ್ಪ ಸರ್ ಮತ್ತು ಬಳಗದ ಕೆಲವರೂ ನೋಡಲು ಬಂದಿದ್ದರು. ಶಾಂತಕ್ಕ ಮಡಿಯಿಂದ ಸ್ವಲ್ಪ ದೂರದಲ್ಲಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಹೇಳಿಬಿಡಿ, ಈಗಲಾದರೂ ಹೇಳಿಬಿಡಿ ಎಂದು ಅವರ ಕೈ ಹಿಡಿದು ಅಲುಗಿಸಿದೆ. ಅವರು ಕೈ ಬಿಡಿಸಿಕೊಂಡು ಬೇಡವೆಂದು ತಲೆ ಅಲ್ಲಾಡಿಸಿದರು. ಬಕೆಟ್ಟು ನೆಲಕ್ಕೆ ಇಳಿದು ಕಪ್ಪು ಮಣ್ಣು ತೆಗೆಯಿತು. ಮತ್ತೆ ಇಳಿದಾಗ ಬಿಳಿ ಬಂತು. "ಸುಣ್ಣದ ಕಲ್ಲು, ಹೊಡಿ ಹೊಡಿ" ಎಂದು ಪ್ರಕಾಶ ಕೂಗಿದ. ಇನ್ನು ನನ್ನಿಂದ ತಡೆಯಲಾಗದೆ "ನಿಲ್ಲಿಸಿ!" ಎಂದು ಕಿರುಚಿಬಿಟ್ಟೆ. ಡ್ರೈವರ್ ಬೆಚ್ಚಿ ಎಂಜಿನ್ ಆರಿಸಿ ಕೆಳಗಿಳಿದ. ಯಾಕೆ ಕೂಗಿದೆ ಎಂದು ನನ್ನನ್ನು ಕೇಳುವ ಮುಂಚೆ ಅವನ ಕಣ್ಣು ಬಕೆಟ್ಟಿನ ಮೇಲೆ ಬಿತ್ತು. ಬಿಳಿಯ ಒಂದು ಉಂಡೆ ತೆಗೆದು ಬೆರಳಿನಲ್ಲಿ ಉಜ್ಜಿ ಮೂಸಿದ. ಆಮೇಲೆ ಅವನು ಮಾಡಿದ ಮೊದಲ ಕೆಲಸ, ಕಾಲಿನ ಚಪ್ಪಲಿ ಬಿಟ್ಟದ್ದು.

"ಇದು ಸುಣ್ಣ ಅಲ್ರಿ. ವಿಭೂತಿ ಅದ. ಇಲ್ಲಿ ಯಾರನೋ ಇಟ್ಟಾರ."

ಎಲ್ಲರೂ ಗುರುಲಿಂಗಪ್ಪ ಸರ್ ಮುಖ ನೋಡಿದರು. ಅವರು ಕುಣಿಯ ಅಂಚಿಗೆ ಬಂದು ಬಹಳ ಹೊತ್ತು ನೋಡಿದರು. ಓದಿದ ತಲೆ ಹೇಗೆ ಓಡುತ್ತದೆ ನೋಡಿ. ಈ ಜಮೀನಿನಲ್ಲಿ ಗೋರಿ ಇರಲಿಲ್ಲವೆಂದು ಮನೆಯವರೇ ಹೇಳಿ ಕೊಟ್ಟಿದ್ದಾರೆ, ಆದ್ದರಿಂದ ಇದು ಈ ಕಾಲದ್ದಲ್ಲ, ತೀರಾ ಹಳೆಯದು ಎಂದರು. ಹಳೆಯದಾದ ಮೇಲೆ ಯಾರೋ ದೊಡ್ಡವರದೇ ಇರಬೇಕು. ಆಮೇಲೆ ಅವರ ಕಣ್ಣಲ್ಲಿ ನೀರು ಬಂತು. "ಹೊಂಗಿ ಸತ್ತದ್ದು, ಬೇವು ಸತ್ತದ್ದು ಯಾಕಂತ ಈಗ ತಿಳೀತ್ರಿ. ಯಾವುದೋ ಶರಣ ಇಲ್ಲಿ ಐಕ್ಯ ಆಗ್ಯಾನ. ತನ್ನ ತೆಲಿ ಮ್ಯಾಲ ಏನೂ ಬೆಳೀಲಿಕ್ಕೆ ಬಿಟ್ಟಿಲ್ಲ!" ಎಂದು ಅಲ್ಲೇ ಅಡ್ಡಬಿದ್ದರು. ಪ್ರಕಾಶನೂ ಬಿದ್ದ. ಡ್ರೈವರ್ ಬಕೆಟ್ಟಿನ ಮಣ್ಣನ್ನು ಮೆತ್ತಗೆ ಕುಣಿಗೇ ಸುರಿದು ಮುಚ್ಚಿದ.

ನಾನು ಬಾಯಿ ತೆರೆದೆ. ಶಾಂತಕ್ಕ ನನ್ನ ಮುಂಗೈ ಹಿಡಿದು ಎಷ್ಟು ಬಲವಾಗಿ ಅದುಮಿದರೆಂದರೆ ಸಂಜೆವರೆಗೂ ಉಗುರಿನ ಗುರುತಿತ್ತು. ಅವರು ನಿಧಾನವಾಗಿ ಮುಂದೆ ಹೋಗಿ, ಎಲ್ಲರ ಜೊತೆ ಸಾಲಿನಲ್ಲಿ ಕೂತು, ಚೆಲ್ಲಿದ್ದ ವಿಭೂತಿಯನ್ನು ಬೆರಳಿನಲ್ಲಿ ತೆಗೆದು ಹಣೆಗೆ ಹಚ್ಚಿಕೊಂಡರು. ವಾಪಸು ಬರುವಾಗ ದಾರಿಯಲ್ಲಿ ನಾನು ಜಗಳವಾಡಿದೆ. ನಿಮ್ಮ ಮಗಳನ್ನು ಯಾರೋ ಗಂಡಸು ಸಂತ ಎನ್ನುತ್ತಿದ್ದಾರೆ, ಹೇಗೆ ಸುಮ್ಮನಿದ್ದೀರಿ ಎಂದೆ. "ಇನ್ನ ಯಾರೂ ಅಗೆಯಲ್ಲ ಮೇಡಂ" ಎಂದರು.

ಸಂಜೆಯೊಳಗೆ ಸುದ್ದಿ ಸೇಡಂ ದಾಟಿ ಚಿತ್ತಾಪುರ, ತೆಂಗಳಿವರೆಗೂ ಹೋಯಿತು. ಮರುದಿನ ಮೊದಲ ತೆಂಗಿನಕಾಯಿ ಹಿಡಿದು ಬಂದವನು ಬಂಡೆಪ್ಪ. ಟ್ರ್ಯಾಕ್ಟರ್ ಹೊಡೆಸಿದ್ದ ಅದೇ ಬಂಡೆಪ್ಪ. ಅಲ್ಲಿ ಇರುವವಳು ಯಾರೆಂದು ಅವನಿಗೆ ಗೊತ್ತು. ಅದನ್ನು ಹೇಳಿದರೆ ತಾನು ಹಿಂದೆ ಹೇಳಿದ ಸುಳ್ಳು ಹೊರಬೀಳುತ್ತದೆಂದೂ ಗೊತ್ತು. ನಮ್ಮ ಹೊಲದಲ್ಲಿ ಇಂಥ ಶರಣ, ಇಂಥ ಅಜ್ಜ ಇದ್ದದ್ದು ನಮ್ಮ ಮನೆತನದ ಪುಣ್ಯ ಎಂದು ಎಲ್ಲರ ಮುಂದೆ ಕೈ ಮುಗಿದ. ಸಮಿತಿ ಆಯಿತು, ಅವನೇ ಹಿರಿಯನಾದ. ನನಗೆ ಅವನ ಮೇಲೆ ಬಂದಂಥ ಸಿಟ್ಟು ಜೀವನದಲ್ಲಿ ಇನ್ನಾರ ಮೇಲೂ ಬಂದಿಲ್ಲ. ಶಾಂತಕ್ಕನಿಗೆ ಕೊಟ್ಟ ಮಾತು ನನ್ನ ನಾಲಿಗೆ ಕಟ್ಟಿತ್ತು.

ದೀಪಾವಳಿಯ ಹೊತ್ತಿಗೆ ಶಹಾಬಾದಿನಿಂದ ನುಣ್ಣಗೆ ಪಾಲಿಶ್ ಮಾಡಿದ ಫರಸಿ ಬಂತು, ಕಟ್ಟೆ ಎದ್ದಿತು, ತಗಡಿನ ನೆರಳಾಯಿತು, ಸುತ್ತ ಕಬ್ಬಿಣದ ಕಟಕಟೆ ಬಂತು. ಅಜ್ಜನಿಗೆ ಚರಿತ್ರೆಯೂ ಹುಟ್ಟಿತು. ತೆಲುಗು ಸೀಮೆಯಿಂದ ನಡೆದು ಬಂದವರಂತೆ, ಚಿಂಚೋಳಿ ಅಡವಿಯಲ್ಲಿ ತಪಸ್ಸು ಮಾಡಿದವರಂತೆ, ಕಟ್ಟಾ ಬ್ರಹ್ಮಚಾರಿಯಂತೆ. ಮದುವೆಯಾಗದ ಹೆಣ್ಣುಮಕ್ಕಳಿಗೆ ಅಜ್ಜನೇ ಗಂಡು ಹುಡುಕಿಕೊಡುತ್ತಾನೆಂದು ಯಾರೋ ಹೇಳಿದರು, ನಾಲ್ಕು ಜನ ನಂಬಿದರು, ಆಮೇಲೆ ಅದೇ ನಿಜವಾಯಿತು. ಸಸ್ಯೋದ್ಯಾನಕ್ಕೆ ಗಿಡ ನೋಡಲು ಬರುವವರು ನಿಂತೇ ಹೋದರು. ಬಂದವರು ಪತ್ರಿಗೆಂದು ನಮ್ಮ ಬಿಲ್ವದ ಗಿಡವನ್ನು ಬೋಳಿಸಿದರು, ಸಸಿಗಳ ಮೇಲೆ ಕಾಲಿಟ್ಟು ಸಾಲು ನಿಂತರು. ನಮ್ಮ ಬಳಗದ ಭಾನುವಾರದ ಕೆಲಸ ಈಗ ತೆಂಗಿನ ನಾರು ಗುಡಿಸುವುದು. ನಾನು ಮುಖ ಸಿಂಡರಿಸಿಕೊಂಡೇ ಗುಡಿಸಿದೆ.

ಕಾರ್ತಿಕದ ಒಂದು ಸೋಮವಾರ ಶಾಂತಕ್ಕ ನನ್ನನ್ನು ಕರೆದುಕೊಂಡು ಹೋದರು. ಅವರ ಕೈಯಲ್ಲಿ ಒಂದು ಕಾಯಿ, ಒಂದು ಮೊಳ ಸೇವಂತಿಗೆ. ಹೊಸ ಸೀರೆ ಉಟ್ಟಿದ್ದರು. ಯಾಕೆಂದು ನಾನು ಕೇಳಲಿಲ್ಲ, ಅವರೇ ಮೆಲ್ಲಗೆ, ಇವತ್ತು ಅವಳು ಹುಟ್ಟಿದ ದಿನ ಎಂದರು. ಸಾಲು ಮುಂದೆ ಸರಿದು ಕಟಕಟೆಯ ಬಳಿ ಬಂದೆವು. ಗಂಡಸರು ಒಳಗೆ ಹೋಗಿ ಕಟ್ಟೆಗೆ ಹಣೆ ಹಚ್ಚಿ ಬರುತ್ತಿದ್ದರು. ನಾವು ಕಾಲಿಡುವಷ್ಟರಲ್ಲಿ ಪೂಜೆ ಮಾಡುವವನು ಕೈ ಅಡ್ಡ ಹಿಡಿದ. "ಹೆಣ್ಮಕ್ಕಳು ಅಲ್ಲೇ ನಿಂದರ್ರಿ ತಾಯಿ. ಅಜ್ಜ ಬ್ರಹ್ಮಚಾರಿ ಇದ್ದಾತ, ಮುಟ್ಟಂಗಿಲ್ಲ. ಕಾಯಿ ಇತ್ತ ಕೊಡ್ರಿ." ಅವನಿಗೆ ಏನೂ ಗೊತ್ತಿಲ್ಲ, ಪಾಪದ ಮನುಷ್ಯ. ಗಂಡು ಹೆಣ್ಣು ಸಮ ಎಂದ ಶರಣರ ಹೆಸರಿನಲ್ಲೇ ಈ ಗೆರೆ ಎಳೆದಿದ್ದರು. ನನ್ನ ಮೈ ಉರಿಯಿತು. ಕಟಕಟೆಯ ಒಳಗೆ, ಕಟ್ಟೆಯ ಪಕ್ಕದಲ್ಲೇ, ಕುರ್ಚಿ ಹಾಕಿಕೊಂಡು ಬಂಡೆಪ್ಪ ಕೂತಿದ್ದ.

ಶಾಂತಕ್ಕ ಕಬ್ಬಿಣದ ಸಲಾಕೆಯ ನಡುವೆ ಕಾಯಿ, ಹೂವು ಕೊಟ್ಟರು. ಪೂಜೆಯವನು ಹೂವನ್ನು ಕಟ್ಟೆಯ ಮೇಲೆ ಹಾಸಿದ. ಕಾಯಿ ಎತ್ತಿ ಹಿಡಿದು, "ಯಾರ ಹೆಸರಿಲೆ ಒಡೀಬೇಕ್ರಿ?" ಎಂದ.

ಶಾಂತಕ್ಕ ಸೆರಗು ಸರಿಮಾಡಿಕೊಂಡರು. ಬಂಡೆಪ್ಪ ತಲೆ ಎತ್ತಿ ನೋಡಿದ.

"ಸವಿತಾ" ಎಂದರು.

ಬಂಡೆಪ್ಪ ನೆಲ ನೋಡತೊಡಗಿದ.

"ಮಗಳೇನ್ರಿ?" ಎಂದು ಪೂಜೆಯವನು ಕೇಳಿದ.

"ಹೂನ್ರಿ."

"ಲಗ್ನ ಆಗ್ಯಾದೇನು?"

"ಇಲ್ರಿ."

"ಚಿಂತಿ ಬಿಡ್ರಿ ತಾಯಿ. ಅಜ್ಜಗ ಬೇಡಕೊಂಡೀರಿ ಅಂದ ಮ್ಯಾಲ ಮುಗೀತು. ಬರೋ ವರ್ಷ ಈ ಹೊತ್ತಿಗೆ ನಿಮ್ಮ ಮಗಳು ಗಂಡನ ಮನ್ಯಾಗ ಇರ್ತಾಳ." ಅವನು ಕಾಯಿ ಒಡೆದು ಒಂದು ಹೋಳನ್ನು ಸಲಾಕೆಯ ಈಚೆ ಚಾಚಿದ.

ಶಾಂತಕ್ಕ ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. "ಎಲ್ಲಿಗೂ ಹೋಗೋದು ಬ್ಯಾಡ್ರಿ" ಎಂದರು. "ಇಲ್ಲೇ ಇರ್ಲಿ ಅಂತ ಬೇಡಕೊಂಡೀನಿ."

ಅವನಿಗೆ ಅರ್ಥವಾಗಲಿಲ್ಲ. ಹಿಂದೆ ನಿಂತವರು ಜಲ್ದಿ ಸರೀರಿ ಎಂದು ಕೂಗಿದರು. ನಾವು ಸರಿದೆವು.